ಸ್ವಿಚ್ಚಿನಲ್ಲಿ ಮೊದಲ ಸರದಿ ಯಾರಿಗೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕ್ಯೂಒಎಸ್, ಅಂದರೆ ಕ್ವಾಲಿಟಿ ಆಫ್ ಸರ್ವಿಸ್ ಬಗ್ಗೆ. ದಟ್ಟಣೆಯಾದಾಗ ಯಾವ ಪ್ಯಾಕೆಟ್ (ಮಾಹಿತಿಯ ತುಣುಕು) ಮೊದಲು ಹೋಗಬೇಕೆಂದು ನೆಟ್‌ವರ್ಕ್ ಸ್ವಿಚ್ಚಿಗೆ ಹೇಳುವ ವ್ಯವಸ್ಥೆ ಇದು. ‘ಆನ್ ಮಾಡಿದೆವು, ಏನೂ ಆಗಲಿಲ್ಲ’ ಎಂಬುದು ಹಲವರ ದೂರು. ‘ಆನ್ ಮಾಡಿದ ಮೇಲೆ ಇನ್ನೂ ಕೆಟ್ಟಿತು’ ಎಂದವರೂ ಇದ್ದಾರೆ. ಗಡಿನಾಡಿನ ಊರುಗಳಿಂದ ಬಂದ ಆರು ಪತ್ರಗಳನ್ನು ಇಲ್ಲಿ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಅಡಿಕೆ ವ್ಯಾಪಾರದ ನಮ್ಮ ಕಚೇರಿಗೆ ಎರಡು ಮಾಳಿಗೆ. ಕೆಳಗೆ 24 ಪೋರ್ಟಿನ ಗಿಗಾಬಿಟ್ ಸ್ಮಾರ್ಟ್ ಸ್ವಿಚ್, ರೂಟರ್, ಐಪಿ ಪಿಬಿಎಕ್ಸ್ (ಕಚೇರಿಯ ಫೋನ್ ಎಕ್ಸ್‌ಚೇಂಜ್) ಮತ್ತು 16 ಸಿಸಿಟಿವಿ ಕ್ಯಾಮರಾ. ಮೇಲೆ ಹಳೆಯ 100 ಎಂಬಿಪಿಎಸ್ ಸ್ವಿಚ್; ಅದಕ್ಕೆ 6 ಐಪಿ ಫೋನ್, ಕ್ಯಾಮರಾ ರೆಕಾರ್ಡರ್, ಬ್ಯಾಕಪ್ ಇಡುವ ಸ್ಟೋರೇಜ್ ಪೆಟ್ಟಿಗೆ. ಸಂಜೆ ಲೆಕ್ಕದ ಬ್ಯಾಕಪ್ ಶುರುವಾದರೆ ಸಾಕು, ಮೇಲಿನ ಫೋನುಗಳಲ್ಲಿ ಮಾತು ಕಡಿಕಡಿದು ಕೇಳುತ್ತದೆ. ಆಚೆಯವರಿಗೆ ಮಾತ್ರ ನಮ್ಮ ಮಾತು ಸರಿಯಾಗಿಯೇ ಕೇಳುತ್ತದಂತೆ. ಫೋನುಗಳಲ್ಲಿ ಡಿಎಸ್‌ಸಿಪಿ (ಪ್ಯಾಕೆಟ್ಟಿನ ಮೇಲಿನ ಆದ್ಯತೆಯ ಗುರುತು) 46 ಹಾಕಿ, ಸ್ವಿಚ್ಚಿನಲ್ಲಿ ಕ್ಯೂಒಎಸ್ ಆನ್ ಮಾಡಿದೆವು. ಬದಲಾವಣೆ ಇಲ್ಲ. ಏನು ಮಾಡಬೇಕು?
(ಒಬ್ಬ ಓದುಗರು, ಬದಿಯಡ್ಕ)

ಉತ್ತರ: ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಒಂದೇ ದಿಕ್ಕಿನ ಮಾತು ಕೆಡುತ್ತಿದೆ ಅಂದರೆ ದಟ್ಟಣೆಯೂ ಒಂದೇ ಕಡೆ: ಕೆಳಗಿನ ಸ್ವಿಚ್ಚಿನಿಂದ ಮೇಲಕ್ಕೆ ಹೋಗುವ ಪೋರ್ಟಿನಲ್ಲಿ. ಸ್ವಿಚ್ಚಿಗೆ ಒಳಬರುವಾಗ ಪ್ಯಾಕೆಟ್ ಸಾಮಾನ್ಯವಾಗಿ ಕಾಯಬೇಕಾಗಿಲ್ಲ. ಸಾಲು ಬೆಳೆಯುವುದು ಹೊರಹೋಗುವ ಪೋರ್ಟಿನಲ್ಲಿ, ಅದೂ ಬಂದಷ್ಟು ಬೇಗ ಹೊರಗೆ ಕಳಿಸಲು ಆಗದಿದ್ದಾಗ. ನಿಮ್ಮಲ್ಲಿ ಕ್ಯಾಮರಾ ಒಂದಕ್ಕೆ 4 ಎಂಬಿಪಿಎಸ್ ಎಂದಿಟ್ಟುಕೊಂಡರೂ 16ಕ್ಕೆ 64 ಆಯಿತು. 100ರಲ್ಲಿ ಉಳಿದದ್ದು 36. ಬ್ಯಾಕಪ್ ಕಳಿಸುವ ಕಂಪ್ಯೂಟರ್ ಇರುವುದು ಗಿಗಾಬಿಟ್ ಪೋರ್ಟಿನಲ್ಲಿ, ಮತ್ತು ಪ್ಯಾಕೆಟ್ ಬಿದ್ದುಹೋಗುವ ತನಕ ವೇಗ ಏರಿಸುತ್ತಲೇ ಹೋಗುವುದು ಟಿಸಿಪಿಯ (ಫೈಲ್ ಸಾಗಿಸುವ ನಿಯಮಾವಳಿಯ) ಸ್ವಭಾವ. ಹಾಗಾಗಿ ಬ್ಯಾಕಪ್ ಮುಗಿಯುವವರೆಗೂ ಆ ಪೋರ್ಟಿನ ಬಫರ್ (ಪ್ಯಾಕೆಟ್ಟುಗಳು ಕಾಯುವ ಜಾಗ) ತುಂಬಿಯೇ ಇರುತ್ತದೆ. ಬಫರ್ 512 ಕಿಲೋಬೈಟ್ ಇದ್ದರೆ 100 ಎಂಬಿಪಿಎಸ್‌ನಲ್ಲಿ ಅದು ಖಾಲಿಯಾಗಲು ಸುಮಾರು 42 ಮಿಲಿಸೆಕೆಂಡ್ ಬೇಕು. ಫೋನಿನ ಮಾತು ಬರುವುದು 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್ಟಿನ ಲೆಕ್ಕದಲ್ಲಿ. ಒಂದು ಕೂಡಲೇ ಬಂದು, ಮುಂದಿನದು 40 ಮಿಲಿಸೆಕೆಂಡ್ ತಡವಾಗಿ, ಮೂರನೆಯದು ಜಾಗವಿಲ್ಲದೆ ಬಿದ್ದೇ ಹೋದರೆ ಕೇಳಿಸುವುದು ನೀವು ಹೇಳುವ ಸದ್ದೇ.

ಇನ್ನು 46ರ ವಿಷಯ. ಫೋನಿನಲ್ಲಿ ಹಾಕಿದ ಗುರುತು ಬೀಳುವುದು ಫೋನಿನಿಂದ ಹೊರಡುವ ಮಾತಿನ ಮೇಲೆ. ಅದು ಮೊದಲಿನಿಂದಲೂ ಚೆನ್ನಾಗಿಯೇ ಇತ್ತು! ಕೆಡುತ್ತಿರುವುದು ಫೋನಿಗೆ ಬರುವ ಮಾತು. ಅದಕ್ಕೆ ಗುರುತು ಹಾಕಬೇಕಾದದ್ದು ಪಿಬಿಎಕ್ಸ್. ಆಸ್ಟರಿಸ್ಕ್ ಎಂಬ ತಂತ್ರಾಂಶದ ಆಧಾರದ ಪಿಬಿಎಕ್ಸ್ ಆದರೆ ಆಡಿಯೋಗೆ ಇಎಫ್ (ಅದೇ 46), ಕರೆ ಜೋಡಿಸುವ ಸಿಪ್ ಸಂದೇಶಗಳಿಗೆ ಸಿಎಸ್3 (24) ಎಂದು ಕೊಡಿ. ಮಾತು ಪಿಬಿಎಕ್ಸ್ ಮೂಲಕ ಹಾಯದೆ ಇಂಟರ್‌ನೆಟ್‌ನಿಂದ ನೇರವಾಗಿ ಫೋನಿಗೆ ಬರುವಂತಿದ್ದರೆ, ದಾರಿಯಲ್ಲಿ ಗುರುತು ಅಳಿಸಿ ಸೊನ್ನೆಯಾಗಿ ತಲಪುವುದೇ ಹೆಚ್ಚು. ಆಗ ರೂಟರಿನಲ್ಲಿ, ಇಲ್ಲವೇ ರೂಟರ್ ಸೇರುವ ಸ್ವಿಚ್ ಪೋರ್ಟಿನಲ್ಲಿ, ಫೋನುಗಳ ವಿಳಾಸಕ್ಕೆ ಹೋಗುವ ಯುಡಿಪಿ (ಮಾತು ಸಾಗಿಸುವ ಬಗೆಯ) ಪ್ಯಾಕೆಟ್ಟುಗಳಿಗೆ ಹೊಸದಾಗಿ 46 ಹಾಕುವ ನಿಯಮ ಬರೆಯಬೇಕು.

ಗುರುತು ಹಾಕುವಾಗ ಹಲವರು ಎಡವುವ ಒಂದು ಜಾಗವಿದೆ. ಡಿಎಸ್‌ಸಿಪಿ ಇರುವುದು ಐಪಿ ಹೆಡರಿನ ಒಂದು ಬೈಟಿನ ಮೇಲಿನ 6 ಬಿಟ್‌ಗಳಲ್ಲಿ, ಬೆಲೆ 0ರಿಂದ 63. ಕೆಲವು ಉಪಕರಣಗಳು ಆ 6 ಬಿಟ್ ಕೇಳುವುದಿಲ್ಲ, ಟಾಸ್ ಎಂಬ ಹಳೆಯ ಹೆಸರಿನಲ್ಲಿ ಇಡೀ ಬೈಟನ್ನೇ ಕೇಳುತ್ತವೆ. ಅಲ್ಲಿ 46 ಅಲ್ಲ, 46ರ ನಾಲ್ಕು ಪಟ್ಟು, ಅಂದರೆ 184 ಬರೆಯಬೇಕು. ಟಾಸ್ ಖಾನೆಯಲ್ಲಿ 46 ಬರೆದರೆ ಡಿಎಸ್‌ಸಿಪಿ 11 ಆಗುತ್ತದೆ, ಸ್ವಿಚ್ ಅದನ್ನು ಕ್ಯಾರೇ ಅನ್ನುವುದಿಲ್ಲ. ಖಾನೆ 63ಕ್ಕಿಂತ ದೊಡ್ಡ ಸಂಖ್ಯೆ ಒಪ್ಪುತ್ತದೆಯೇ ಎಂದು ನೋಡಿದರೆ ಯಾವುದು ಎಂದು ಗೊತ್ತಾಗುತ್ತದೆ.

ಈಗ ಕೆಳಗಿನ ಸ್ವಿಚ್. ಕ್ಯೂಒಎಸ್ ಪುಟದಲ್ಲಿ ಸಾಮಾನ್ಯವಾಗಿ ಮೂರು ಬಗೆ ಇರುತ್ತವೆ: ಪೋರ್ಟ್ ಆಧಾರಿತ, 802.1ಪಿ, ಡಿಎಸ್‌ಸಿಪಿ. 802.1ಪಿಯ ಗುರುತು ವಿಲ್ಯಾನ್ (ಒಂದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ನೆಟ್‌ವರ್ಕ್) ಟ್ಯಾಗಿನೊಳಗಿನ 3 ಬಿಟ್. ಟ್ಯಾಗ್ ಇಲ್ಲದ ಪೋರ್ಟಿನಲ್ಲಿ ಹೊರಬಿದ್ದೊಡನೆ ಟ್ಯಾಗಿನ ಜೊತೆ ಅದೂ ಹೋಯಿತು. ನಿಮಗೆ ಡಿಎಸ್‌ಸಿಪಿ ಸಾಕು. ಮ್ಯಾಪಿಂಗ್ ಪಟ್ಟಿಯಲ್ಲಿ 46ನ್ನು ಎಲ್ಲಕ್ಕಿಂತ ಮೇಲಿನ ಕ್ಯೂಗೆ (ಸಾಲಿಗೆ) ಹಾಕಿ. 24 ಮತ್ತು 26 ಅದರ ಕೆಳಗಿನದಕ್ಕೆ. ಕ್ಯಾಮರಾಗಳಿಗೆ 34 ಗುರುತು ಹಾಕಿ ಮಧ್ಯದ ಕ್ಯೂಗೆ ಕಳಿಸಿ. ಉಳಿದದ್ದೆಲ್ಲ, ಬ್ಯಾಕಪ್ ಸೇರಿ, ಸೊನ್ನೆಯಲ್ಲೇ ಇರಲಿ. ಬಳಿಕ ಶೆಡ್ಯೂಲರ್ ಎಂಬ ಆಯ್ಕೆ ನೋಡಿ. ಮೇಲಿನ ಕ್ಯೂ ಒಂದನ್ನೇ ಸ್ಟ್ರಿಕ್ಟ್ ಪ್ರಯಾರಿಟಿಗೆ ಇಡಿ, ಉಳಿದವು ಡಬ್ಲ್ಯೂಆರ್‌ಆರ್‌ನಲ್ಲಿ (ಕೊಟ್ಟ ತೂಕಕ್ಕೆ ತಕ್ಕಂತೆ ಸರದಿ ಹಂಚುವ ಬಗೆ) ಇರಲಿ. ಸ್ಟ್ರಿಕ್ಟ್ ಅಂದರೆ ಆ ಕ್ಯೂನಲ್ಲಿ ಒಂದು ಪ್ಯಾಕೆಟ್ ಇದ್ದರೂ ಬೇರೆ ಕ್ಯೂ ಮುಟ್ಟುವಂತಿಲ್ಲ. ಈಗಾಗಲೇ ತಂತಿಗೆ ಇಳಿದ ದೊಡ್ಡ ಫ್ರೇಮ್ ಮುಗಿಯುವ ತನಕ ಕಾಯುವುದಷ್ಟೇ ಬಾಕಿ. 100 ಎಂಬಿಪಿಎಸ್‌ನಲ್ಲಿ ಅದು 0.12 ಮಿಲಿಸೆಕೆಂಡ್. 42 ಎಲ್ಲಿ, 0.12 ಎಲ್ಲಿ.

ಕ್ಯಾಮರಾವನ್ನೂ ಸ್ಟ್ರಿಕ್ಟ್‌ಗೆ ಹಾಕೋಣ ಅನ್ನಿಸಬಹುದು. ಬೇಡ. ತಲಪಾಡಿ ಟೋಲ್‌ಗೇಟಿನಲ್ಲಿ ಆಂಬುಲೆನ್ಸ್‌ಗೆ ದಾರಿ ಸಿಗುವುದು ಉಳಿದ ಗಾಡಿಗಳು ಸೈರನ್ ಹಾಕದೇ ಇರುವುದರಿಂದ. ಜಿ.711 ಕೋಡೆಕ್‌ನ (ಮಾತನ್ನು ಅಂಕಿಗೆ ಇಳಿಸುವ ವಿಧಾನ) ಒಂದು ಕರೆಗೆ ಈಥರ್‌ನೆಟ್ ಹೆಡರ್ ಸೇರಿ ಒಂದು ದಿಕ್ಕಿಗೆ 87 ಕೆಬಿಪಿಎಸ್. ಆರೂ ಫೋನ್ ಒಟ್ಟಿಗೆ ಮಾತಾಡಿದರೂ ಅರ್ಧ ಎಂಬಿಪಿಎಸ್ ಚಿಲ್ಲರೆ. ಇಷ್ಟು ಸಣ್ಣದನ್ನು ಮುಂದೆ ಬಿಟ್ಟರೆ ಯಾರಿಗೂ ನಷ್ಟವಿಲ್ಲ. 64 ಎಂಬಿಪಿಎಸ್‌ನ ಕ್ಯಾಮರಾ ಅದೇ ಕ್ಯೂಗೆ ಬಂದರೆ ಮಾತಿನ ಪ್ಯಾಕೆಟ್ ಕ್ಯಾಮರಾದ ಹಿಂದೆ ನಿಲ್ಲುತ್ತದೆ, ಕೆಳಗಿನ ಕ್ಯೂಗಳು ಉಪವಾಸ ಬೀಳುತ್ತವೆ. ಸ್ಟ್ರಿಕ್ಟ್ ಕ್ಯೂಗೆ ಲಿಂಕಿನ ಮೂರನೇ ಒಂದಕ್ಕಿಂತ ಹೆಚ್ಚು ಬರಬಾರದು ಎಂಬುದು ಈ ಕ್ಷೇತ್ರದಲ್ಲಿ ರೂಢಿಯ ಮಿತಿ. ಡಬ್ಲ್ಯೂಆರ್‌ಆರ್‌ನಲ್ಲಿ ಕ್ಯಾಮರಾ ಕ್ಯೂಗೆ 4, ಸಾಮಾನ್ಯ ಕ್ಯೂಗೆ 1 ತೂಕ ಕೊಡಿ. ಕ್ಯಾಮರಾಕ್ಕೆ 80ರಷ್ಟು ಪಾಲು ಖಾತ್ರಿ, ಅದು 64 ಮಾತ್ರ ಬಳಸಿದರೆ ಉಳಿದದ್ದು ತಾನಾಗಿ ಬ್ಯಾಕಪ್‌ಗೆ ಸಿಗುತ್ತದೆ. (ಅಗ್ಗದ ಕೆಲವು ಸ್ವಿಚ್ಚುಗಳು ತೂಕವನ್ನು ಬೈಟಿನಲ್ಲಿ ಅಳೆಯದೆ ಪ್ಯಾಕೆಟ್ ಎಣಿಸಿ ಕೊಡುತ್ತವೆ. ಆಗ ದೊಡ್ಡ ಪ್ಯಾಕೆಟ್ಟಿನವರಿಗೆ ಹೆಚ್ಚು ಸಿಕ್ಕಿ ಅನುಪಾತ ಕಾಗದದ ಮೇಲಿನಂತೆ ಇರುವುದಿಲ್ಲ.)

ಇನ್ನೊಂದು: ಎರಡು ಸ್ವಿಚ್ಚುಗಳನ್ನು ಜೋಡಿಸುವ ಪೋರ್ಟ್‌ಗಳಲ್ಲಿ ಫ್ಲೋ ಕಂಟ್ರೋಲ್ ಆಫ್ ಮಾಡಿ. ಅದು ಆನ್ ಇದ್ದರೆ ಮೇಲಿನ ಸ್ವಿಚ್ ತುಂಬಿದಾಗ ‘ನಿಲ್ಲಿಸು’ ಎಂಬ ಪಾಜ್ ಫ್ರೇಮ್ ಕಳಿಸುತ್ತದೆ, ಕೆಳಗಿನದು ಇಡೀ ಪೋರ್ಟನ್ನೇ ನಿಲ್ಲಿಸುತ್ತದೆ. ಮಾತಿನ ಕ್ಯೂ ಕೂಡ ಅದರಲ್ಲಿ ಸೇರಿತು. ಅಲ್ಲಿಗೆ ಆದ್ಯತೆಯ ಕಥೆ ಮುಗಿಯಿತು.

ಸರಿಯಾಯಿತೇ ಎಂದು ನೋಡಲು ಬ್ಯಾಕಪ್ ಓಡುತ್ತಿರುವಾಗಲೇ ಕೆಳಗಿನ ಒಂದು ಲಿನಕ್ಸ್ ಯಂತ್ರದಿಂದ ಮೇಲಿನ ಫೋನಿಗೆ ಎರಡು ಪಿಂಗ್ ಕೊಡಿ: ಒಂದು ಹಾಗೆಯೇ, ಇನ್ನೊಂದು ದೊಡ್ಡಕ್ಷರದ -Q ಆಯ್ಕೆಗೆ 184 ಕೊಟ್ಟು. ಮೊದಲನೆಯದು ಹತ್ತಾರು ಮಿಲಿಸೆಕೆಂಡಿಗೆ ಏರಿ ಎರಡನೆಯದು ಒಂದೆರಡರಲ್ಲೇ ನಿಂತರೆ ಕ್ಯೂ ಕೆಲಸ ಮಾಡುತ್ತಿದೆ. ಎರಡೂ ಏರಿದರೆ ಮ್ಯಾಪಿಂಗ್ ತಪ್ಪಿದೆ. ಎರಡನೆಯದು ಏರದಿದ್ದರೂ ಮಾತು ಕಡಿಯುತ್ತಿದ್ದರೆ ಪಿಬಿಎಕ್ಸ್ ಗುರುತು ಹಾಕುತ್ತಿಲ್ಲವೇನೋ. ಫೋನಿನ ದಾರಿಯ ಪೋರ್ಟನ್ನು ಮಿರರ್ ಮಾಡಿ (ಅದರ ಸಂಚಾರದ ನಕಲನ್ನು ಇನ್ನೊಂದು ಪೋರ್ಟಿಗೆ ಕಳಿಸಿ) ಪ್ಯಾಕೆಟ್ ಬಿಡಿಸಿ ತೋರಿಸುವ ವೈರ್‌ಶಾರ್ಕ್ ತಂತ್ರಾಂಶದಲ್ಲಿ ಡಿಎಸ್‌ಸಿಪಿ ನೋಡಿದರೆ ತಿಳಿಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಮುಖ್ಯವಾದದ್ದು: ಮೇಲಿನ 100 ಎಂಬಿಪಿಎಸ್ ಸ್ವಿಚ್ ಬದಲಿಸಿ ಗಿಗಾಬಿಟ್‌ದು ಹಾಕಿ. ನಡುವಿನ ಕೇಬಲ್ಲಿನ ನಾಲ್ಕೂ ಜೋಡಿ ಕ್ರಿಂಪ್ ಆಗಿರಲಿ, ಎರಡೇ ಜೋಡಿ ಇದ್ದರೆ ಹೊಸ ಸ್ವಿಚ್ಚೂ 100ಕ್ಕೇ ನಿಲ್ಲುತ್ತದೆ. ಕ್ಯೂಒಎಸ್ ಇರುವ ದಾರಿಯನ್ನು ಹಂಚುತ್ತದೆ, ದಾರಿ ಅಗಲ ಮಾಡುವುದಿಲ್ಲ.

ಪ್ರಶ್ನೆ: ಕಾರ್ಖಾನೆಯಲ್ಲಿ ಹಳೆಯ ಸಿಸ್ಕೊ ಕ್ಯಾಟಲಿಸ್ಟ್ 2960 ಸ್ವಿಚ್ಚುಗಳಿವೆ. ಫೋನುಗಳಿಗಾಗಿ ‘ಎಂಎಲ್‌ಎಸ್ ಕ್ಯೂಒಎಸ್’ (ಕ್ಯೂಒಎಸ್ ಆನ್ ಮಾಡುವ ಆಜ್ಞೆ) ಕೊಟ್ಟ ದಿನದಿಂದ ಫೈಲ್ ಸರ್ವರ್ ನಿಧಾನ, ಔಟ್‌ಪುಟ್ ಡ್ರಾಪ್ (ಹೊರಹೋಗುವಾಗ ಬಿದ್ದ ಪ್ಯಾಕೆಟ್) ಎಣಿಕೆ ಏರುತ್ತಿದೆ. ಫೋನೂ ಸುಧಾರಿಸಲಿಲ್ಲ.
(ಒಬ್ಬ ಓದುಗರು, ಹೊಸೂರು)

ಉತ್ತರ: ಎರಡು ಬೇರೆ ಬೇರೆ ಸಂಗತಿ ಒಟ್ಟಿಗೆ ಆಗಿವೆ. ಆ ಸಾಲಿನ ಸ್ವಿಚ್ಚುಗಳಲ್ಲಿ ಕ್ಯೂಒಎಸ್ ಆಫ್ ಇದ್ದಾಗ ಡಿಎಸ್‌ಸಿಪಿ ಬಂದಂತೆ ದಾಟಿಹೋಗುತ್ತದೆ. ಆನ್ ಮಾಡಿದೊಡನೆ ಪ್ರತಿಯೊಂದು ಪೋರ್ಟೂ ನಂಬಿಕೆ ಇಲ್ಲದ ಪೋರ್ಟಾಗಿ, ಗುರುತು ಸೊನ್ನೆಗೆ ಇಳಿಯುತ್ತದೆ. ಫೋನಿನ ಪೋರ್ಟಿನಲ್ಲಿ ಟ್ರಸ್ಟ್ ಕೊಡಿ. ಅಷ್ಟೇ ಮುಖ್ಯವಾಗಿ ಸ್ವಿಚ್ಚಿನಿಂದ ಸ್ವಿಚ್ಚಿಗೆ ಹೋಗುವ ಅಪ್‌ಲಿಂಕಿನ ಎರಡೂ ತುದಿಗೆ ಟ್ರಸ್ಟ್ ಡಿಎಸ್‌ಸಿಪಿ ಕೊಡಿ. ಮರೆತುಹೋಗುವುದು ಇದೇ. ಫೋನಿನ ಬುಡದಲ್ಲಿ ಚೆನ್ನಾಗಿದ್ದ 46 ಎರಡನೇ ಸ್ವಿಚ್ಚಿನಲ್ಲಿ ಸೊನ್ನೆಯಾಗಿರುತ್ತದೆ. ಕಂಪ್ಯೂಟರ್ ಮಾತ್ರ ಇರುವ ಪೋರ್ಟಿಗೆ ಟ್ರಸ್ಟ್ ಬೇಡ. ಮಾತಿನ ಕ್ಯೂ ನಿಜವಾಗಿ ಸ್ಟ್ರಿಕ್ಟ್ ಆಗಬೇಕಾದರೆ ಹೊರಹೋಗುವ ಪೋರ್ಟಿನಲ್ಲಿ ‘ಪ್ರಯಾರಿಟಿ ಕ್ಯೂ ಔಟ್’ ಎಂಬುದನ್ನೂ ಕೊಡಬೇಕು, ತಾನಾಗಿ ಬರುವುದಿಲ್ಲ.

ಡ್ರಾಪ್‌ಗಳಿಗೆ ಕಾರಣ ಬಫರ್ ಹಂಚಿಕೆ. ಕ್ಯೂಒಎಸ್ ಆನ್ ಆದೊಡನೆ ಪೋರ್ಟಿನ ಬಫರ್ ನಾಲ್ಕು ಕ್ಯೂಗಳಿಗೆ ತಲಾ 25 ಶೇಕಡಾದಂತೆ ಭಾಗವಾಗುತ್ತದೆ. ಮೊದಲೇ ಬಂದ ಮ್ಯಾಪಿಂಗಿನಲ್ಲಿ ಡಿಎಸ್‌ಸಿಪಿ 40ರಿಂದ 47 ಒಂದನೇ ಕ್ಯೂಗೆ, 0ಯಿಂದ 15 ಎರಡನೆಯದಕ್ಕೆ. ನಿಮ್ಮ ಫೈಲ್ ಸರ್ವರಿನ ಅಷ್ಟೂ ಸಂಚಾರ ಗುರುತಿಲ್ಲದ್ದು, ಎರಡನೇ ಕ್ಯೂ ಒಂದಕ್ಕೇ ಸೇರುತ್ತದೆ. ಮೊದಲು ದೊಡ್ಡ ಬಫರಿನಲ್ಲಿ ಅಡಗುತ್ತಿದ್ದ ಕ್ಷಣಮಾತ್ರದ ರಭಸ ಈಗ ಕಾಲುಭಾಗದ ಜಾಗದಲ್ಲಿ ಹಿಡಿಸದೆ ಚೆಲ್ಲುತ್ತದೆ. ಮೂರು ಮತ್ತು ನಾಲ್ಕನೆಯವು ಬಹುತೇಕ ಖಾಲಿ ಕೂತಿರುತ್ತವೆ. ಈ ಸ್ವಿಚ್ಚಿನಲ್ಲಿ ಎರಡು ಕ್ಯೂ ಸೆಟ್ (ಬಫರ್ ಹಂಚಿಕೆಯ ಪಟ್ಟಿ) ಇವೆ, ಎಲ್ಲ ಪೋರ್ಟೂ ಮೊದಲನೆಯದರಲ್ಲಿ ಇರುತ್ತವೆ. ಎರಡನೇ ಸೆಟ್ಟಿನಲ್ಲಿ ಬಫರನ್ನು 10, 60, 15, 15 ಎಂದು ಬದಲಿಸಿ, ಎರಡನೇ ಕ್ಯೂನ ಮಿತಿಗಳನ್ನು ಏರಿಸಿ, ತೊಂದರೆಯ ಪೋರ್ಟ್‌ಗಳನ್ನು ಮಾತ್ರ ಅದಕ್ಕೆ ಜೋಡಿಸಿ. ಎಲ್ಲ ಪೋರ್ಟಿಗೂ ಒಮ್ಮೆಲೇ ಕೈಹಾಕಬೇಡಿ. ಹಂಚಿಕೆಯ ಸಾಮಾನ್ಯ ಬಫರ್ ಒಂದೇ, ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರಿಂದ ಕಿತ್ತದ್ದು.

ಪ್ರಶ್ನೆ: ಬ್ಯಾಕಪ್ಪಿಗೆ ಸ್ವಲ್ಪ ಬಲ ಬರಲಿ ಎಂದು 802.1ಪಿ ಬೆಲೆ 0ಯಿಂದ 1ಕ್ಕೆ ಏರಿಸಿದೆ. ಇನ್ನೂ ನಿಧಾನವಾಯಿತು. ಸ್ವಿಚ್ ಹಾಳಾಗಿದೆಯೇ?
(ಒಬ್ಬ ಓದುಗರು, ಆದವಾನಿ)

ಉತ್ತರ: ಸ್ವಿಚ್ ಸರಿಯಾಗಿಯೇ ಇದೆ. 802.1ಕ್ಯೂ (802.1ಪಿ ಈಗ ಅದರದೇ ಭಾಗ) ಶಿಫಾರಸಿನಲ್ಲಿ 1 ಎಂಬುದು ಹಿನ್ನೆಲೆ ಕೆಲಸದ ಗುರುತು, ಎಲ್ಲಕ್ಕಿಂತ ಕೆಳಗಿನದು. ಅದರ ಮೇಲೆ 0, ಆಮೇಲೆ 2, 3 ಹೀಗೆ 7ರವರೆಗೆ. ಗುರುತೇ ಇಲ್ಲದ ಸಾಮಾನ್ಯ ಸಂಚಾರ 0 ಆಗಿರುವುದರಿಂದ, ಅದಕ್ಕಿಂತ ಕೆಳಗೆ ಇಡಲು ಒಂದು ಬೆಲೆ ಬೇಕಿತ್ತು. ನಿಜ ಹೇಳಬೇಕೆಂದರೆ ಬ್ಯಾಕಪ್ 1ರಲ್ಲೇ ಇರಬೇಕು. ರಾತ್ರಿ ಖಾಲಿ ಲಿಂಕಿನಲ್ಲಿ ಅದಕ್ಕೆ ಪೂರ್ತಿ ವೇಗ ಸಿಕ್ಕೇ ಸಿಗುತ್ತದೆ.

ಪ್ರಶ್ನೆ: ಸಿಬ್ಬಂದಿ ಮೊಬೈಲಿನ ಆ್ಯಪ್‌ನಲ್ಲಿ ವೈಫೈ ಮೂಲಕ ಕಚೇರಿ ಕರೆ ಮಾಡುತ್ತಾರೆ. ಸ್ವಿಚ್ಚಿನವರೆಗೆ 46 ಸರಿಯಾಗಿ ಬರುತ್ತಿರುವುದನ್ನು ನೋಡಿದ್ದೇವೆ. ಆದರೂ ಯಾರಾದರೂ ವಿಡಿಯೋ ನೋಡಲು ಕೂತರೆ ಮಾತು ಹಾಳು.
(ಒಬ್ಬ ಓದುಗರು, ಅಕ್ಕಲಕೋಟೆ)

ಉತ್ತರ: ತಂತಿಯ ಜಗತ್ತಿನ ಗುರುತು ಗಾಳಿಗೆ ಇಳಿಯುವ ಜಾಗದಲ್ಲಿ ಒಂದು ಸಣ್ಣ ಎಡವಟ್ಟಿದೆ. ವೈಫೈಯ ಆದ್ಯತೆ ವ್ಯವಸ್ಥೆಯಾದ ಡಬ್ಲ್ಯೂಎಂಎಂನಲ್ಲಿ ನಾಲ್ಕೇ ದರ್ಜೆ: ಧ್ವನಿ, ವಿಡಿಯೋ, ಸಾಮಾನ್ಯ, ಹಿನ್ನೆಲೆ. ಆದ್ಯತೆಯ ಸಂಖ್ಯೆ ಧ್ವನಿಗೆ 6 ಮತ್ತು 7, ವಿಡಿಯೋಗೆ 4 ಮತ್ತು 5. ಹಲವು ಆ್ಯಕ್ಸೆಸ್ ಪಾಯಿಂಟ್‌ಗಳು ಡಿಎಸ್‌ಸಿಪಿಯ ಮೊದಲ ಮೂರು ಬಿಟ್ ಮಾತ್ರ ತೆಗೆದುಕೊಳ್ಳುತ್ತವೆ. 46ರ ಮೊದಲ ಮೂರು ಬಿಟ್ 101, ಅಂದರೆ 5. ಹೀಗೆ ನಿಮ್ಮ ಮಾತು ವಿಡಿಯೋ ದರ್ಜೆಯಲ್ಲಿ ಕೂತಿತು. 2018ರ ಆರ್‌ಎಫ್‌ಸಿ 8325 ಎಂಬ ಇಂಟರ್‌ನೆಟ್ ಮಾನದಂಡದ ದಾಖಲೆ ಇದನ್ನೇ ಎತ್ತಿ ತೋರಿಸಿ 46ನ್ನು 6ಕ್ಕೆ ಹಾಕಲು ಹೇಳುತ್ತದೆ. ಆ್ಯಕ್ಸೆಸ್ ಪಾಯಿಂಟಿನಲ್ಲಿ ಡಿಎಸ್‌ಸಿಪಿ ಮ್ಯಾಪ್ ಬದಲಿಸುವ ಅವಕಾಶ ಇದ್ದರೆ ಹಾಗೆ ಮಾಡಿ. ಡಬ್ಲ್ಯೂಎಂಎಂ ಆನ್ ಇರಲಿ. ಅದನ್ನು ಆಫ್ ಮಾಡಿದರೆ ಆದ್ಯತೆಯಷ್ಟೇ ಅಲ್ಲ, 802.11ಎನ್‌ನ ವೇಗವೂ ಹೋಗಿ 54 ಎಂಬಿಪಿಎಸ್‌ಗೆ ಇಳಿಯುತ್ತದೆ.

ಆದರೆ ವೈಫೈಯಲ್ಲಿ ಸ್ವಿಚ್ಚಿನಂಥ ಸ್ಟ್ರಿಕ್ಟ್ ಕ್ಯೂ ನಿರೀಕ್ಷಿಸಬೇಡಿ. ಗಾಳಿಯಲ್ಲಿ ಎಲ್ಲರೂ ಒಂದು ಸಂಖ್ಯೆ ಆರಿಸಿಕೊಂಡು ಅಷ್ಟು ಹೊತ್ತು ಕಾಯುತ್ತಾರೆ. ಧ್ವನಿಗೆ ಆ ಸಂಖ್ಯೆ ಶುರುವಿನಲ್ಲಿ 0ಯಿಂದ 3ರೊಳಗೆ, ಸಾಮಾನ್ಯ ಸಂಚಾರಕ್ಕೆ 0ಯಿಂದ 15. ಗೆಲ್ಲುವ ಸಾಧ್ಯತೆ ಹೆಚ್ಚು, ಖಾತ್ರಿ ಅಲ್ಲ. ಮೊಬೈಲಿನಿಂದ ಮೇಲಕ್ಕೆ ಬರುವ ಮಾತಿಗೆ ದರ್ಜೆ ಕೊಡುವುದು ಮೊಬೈಲೇ, ನಿಮ್ಮ ಸ್ವಿಚ್ಚಿನ ಕೈಯಲ್ಲಿಲ್ಲ. ಮೂಲೆಯಲ್ಲಿ ಕೂತು ಕ್ಷೀಣ ಸಿಗ್ನಲ್‌ನಲ್ಲಿ ನಿಧಾನವಾಗಿ ಕಳಿಸುವ ಒಂದು ಹಳೆಯ ಲ್ಯಾಪ್‌ಟಾಪ್ ಎಲ್ಲರ ಸಮಯ ತಿನ್ನುತ್ತಿದ್ದರೆ ಯಾವ ಮ್ಯಾಪಿಂಗೂ ನೆರವಾಗದು. ಅದಕ್ಕೆ ಒಂದು ಕೇಬಲ್ ಎಳೆಯಿರಿ.

ಪ್ರಶ್ನೆ: ಸಭಾಭವನದಲ್ಲಿ ಯಕ್ಷಗಾನಕ್ಕೆ ಡಾಂಟೆ (ನೆಟ್‌ವರ್ಕ್ ಕೇಬಲ್ಲಿನಲ್ಲಿ ಧ್ವನಿ ಕಳಿಸುವ ವ್ಯವಸ್ಥೆ) ಇರುವ ಡಿಜಿಟಲ್ ಮಿಕ್ಸರ್ ಮತ್ತು ಸ್ಟೇಜ್ ಬಾಕ್ಸ್ ಬಳಸುತ್ತೇವೆ. ಅದೇ ಸ್ವಿಚ್ಚಿಗೆ ನೇರಪ್ರಸಾರದ ಕಂಪ್ಯೂಟರ್, ಒಂದು ವೈಫೈ ಪಾಯಿಂಟ್. ಚೆಂಡೆ ಪೆಟ್ಟಿನ ನಡುವೆ ‘ಟಕ್’ ಎಂಬ ಸದ್ದು ಸ್ಪೀಕರಿನಲ್ಲೇ ಬರುತ್ತದೆ. ಪ್ರಸಾರವೂ ಆಗಾಗ ನಿಲ್ಲುತ್ತದೆ.
(ಒಬ್ಬ ಓದುಗರು, ಕುಂಬಳೆ)

ಉತ್ತರ: ಎರಡೂ ಬೇರೆ ಬೇರೆ ಕಾಯಿಲೆ. ‘ಟಕ್’ ಸದ್ದಿನಿಂದ ಶುರುಮಾಡೋಣ. ಡಾಂಟೆಯಲ್ಲಿ ಅತ್ಯಂತ ಸೂಕ್ಷ್ಮವಾದದ್ದು ಧ್ವನಿಯೂ ಅಲ್ಲ, ಗಡಿಯಾರ. ಪೆಟ್ಟಿಗೆಗಳೆಲ್ಲ ಒಂದೇ ತಾಳಕ್ಕೆ ನಡೆಯಲು ಪಿಟಿಪಿ ಎಂಬ ಸಮಯದ ಸಂದೇಶಗಳನ್ನು ಬದಲಿಸಿಕೊಳ್ಳುತ್ತವೆ. ಅವಕ್ಕೆ ಡಿಎಸ್‌ಸಿಪಿ 56, ಧ್ವನಿಗೆ 46, ಮೀಸಲಾಗಿ 8. ಸ್ವಿಚ್ಚಿನಲ್ಲಿ 56ನ್ನು ತುತ್ತತುದಿಯ ಕ್ಯೂಗೆ, 46ನ್ನು ಅದರ ಕೆಳಗೆ, 8ನ್ನು ಅದರ ಕೆಳಗೆ, ಉಳಿದದ್ದನ್ನು ಕೊನೆಯ ಕ್ಯೂಗೆ ಹಾಕಿ ಸ್ಟ್ರಿಕ್ಟ್ ಪ್ರಯಾರಿಟಿ ಕೊಡಿ. ಇಲ್ಲಿ ನಾಲ್ಕೂ ಕ್ಯೂ ಸ್ಟ್ರಿಕ್ಟ್ ಇದ್ದರೆ ಚಿಂತೆಯಿಲ್ಲ. ಬದಿಯಡ್ಕದ ಓದುಗರಿಗೆ ಹೇಳಿದ್ದಕ್ಕೆ ಇದು ವಿರುದ್ಧವೆನ್ನಿಸಬಹುದು. ಆದರೆ ನಿಮ್ಮ ಧ್ವನಿ ನಾಲ್ಕು ಚಾನೆಲ್‌ಗೆ ಸುಮಾರು 6 ಎಂಬಿಪಿಎಸ್. ಭಾಗವತರು, ಚೆಂಡೆ, ಮದ್ದಳೆ, ಶ್ರುತಿ, ರಂಗದ ಮೈಕುಗಳೆಲ್ಲ ಸೇರಿ 16 ಚಾನೆಲ್ ಆದರೂ 24. ಗಿಗಾಬಿಟ್‌ನಲ್ಲಿ ಅದು ಯಾರನ್ನೂ ಉಪವಾಸ ಕೆಡಹುವುದಿಲ್ಲ. ಹಲವು ಸ್ವಿಚ್ಚುಗಳು ಮೊದಲಿನಿಂದಲೇ 46ನ್ನು 56ಕ್ಕಿಂತ ಮೇಲಿಟ್ಟಿರುತ್ತವೆ ಅಥವಾ ಎರಡನ್ನೂ ಒಂದೇ ಕ್ಯೂಗೆ ಹಾಕಿರುತ್ತವೆ, ಆದ್ದರಿಂದ ಪಟ್ಟಿ ತೆರೆದು ಕಣ್ಣಾರೆ ನೋಡಿ. ಎಇಎಸ್67 (ನೆಟ್‌ವರ್ಕ್ ಧ್ವನಿಯ ಇನ್ನೊಂದು ಮಾನದಂಡ) ಉಪಕರಣ ಜೊತೆಗಿದ್ದರೆ ಇನ್ನೊಂದು ತೊಡಕು: ಅದರಲ್ಲಿ 46 ಗಡಿಯಾರಕ್ಕೆ, 34 ಧ್ವನಿಗೆ. ಡಾಂಟೆಯ ಧ್ವನಿಯೂ ಎಇಎಸ್67ರ ಗಡಿಯಾರವೂ ಒಂದೇ ಗುರುತಿನಲ್ಲಿ ಬರುತ್ತವೆ.

ಆದರೆ ಮೊದಲು ಕೈಹಾಕಬೇಕಾದದ್ದು ಕ್ಯೂಗೂ ಅಲ್ಲ. ಎನರ್ಜಿ ಎಫಿಶಿಯಂಟ್ ಈಥರ್‌ನೆಟ್, ಗ್ರೀನ್ ಈಥರ್‌ನೆಟ್ ಎಂಬ ಹೆಸರಿನಲ್ಲಿ ಒಂದು ಉಳಿತಾಯದ ಆಯ್ಕೆ ಇರುತ್ತದೆ, ಅದನ್ನು ಎಲ್ಲ ಪೋರ್ಟಿನಲ್ಲೂ ಆಫ್ ಮಾಡಿ. ಸಂಚಾರ ಇಲ್ಲದಾಗ ಪೋರ್ಟ್ ನಿದ್ದೆಗೆ ಜಾರಿ ಎದ್ದುಬರುವಾಗ ಗಡಿಯಾರದ ಸಂದೇಶ ತಡವಾಗುತ್ತದೆ, ‘ಟಕ್’ ಅಲ್ಲಿ ಹುಟ್ಟುತ್ತದೆ. ಆ ಆಯ್ಕೆಯನ್ನು ಆಫ್ ಮಾಡಲು ಬಾರದ ಅಗ್ಗದ ಸ್ವಿಚ್ಚಾದರೆ ಧ್ವನಿಗೆ ಬಳಸಲೇಬೇಡಿ. ಮಲ್ಟಿಕಾಸ್ಟ್ (ಒಂದೇ ಧ್ವನಿಯನ್ನು ಹಲವರಿಗೆ ಒಟ್ಟಿಗೆ ಕಳಿಸುವುದು) ಬಳಸುತ್ತಿದ್ದರೆ, ಅದು ಬೇಕೆಂದವರ ಪೋರ್ಟಿಗೆ ಮಾತ್ರ ಹೋಗುವಂತೆ ಮಾಡುವ ಐಜಿಎಂಪಿ ಸ್ನೂಪಿಂಗ್ ಆನ್ ಮಾಡಿ, ಯಾರಿಗೆ ಬೇಕೆಂದು ಕೇಳುವ ಕ್ವೆರಿಯರ್ ಒಂದನ್ನೇ ಇಡಿ. ಇಲ್ಲದಿದ್ದರೆ ಚೆಂಡೆಯ ಪ್ಯಾಕೆಟ್‌ಗಳು ವೈಫೈ ಪಾಯಿಂಟಿಗೂ ನುಗ್ಗಿ ಅದನ್ನು ಉಸಿರುಗಟ್ಟಿಸುತ್ತವೆ.

ನೇರಪ್ರಸಾರ ನಿಲ್ಲುವುದಕ್ಕೆ ಸ್ವಿಚ್ಚಿನಲ್ಲಿ ಮದ್ದಿಲ್ಲ. ಅಲ್ಲಿ ಸಾಲು ಬೆಳೆಯುವುದು ರೂಟರಿನಿಂದ ಇಂಟರ್‌ನೆಟ್‌ಗೆ ಹೋಗುವ ತುದಿಯಲ್ಲಿ, ಹೆಚ್ಚಾಗಿ ಫೈಬರಿನವರು ಕೊಟ್ಟ ಮೋಡೆಮ್ಮಿನ ಬಫರಿನೊಳಗೆ. ಸಭಿಕರ ಮೊಬೈಲುಗಳು ಅದೇ ವೈಫೈಯಲ್ಲಿ ಫೋಟೋ ಏರಿಸಲು ಶುರುಮಾಡಿದರೆ ನಿಮ್ಮ ಪ್ರಸಾರ ಅವುಗಳ ಹಿಂದೆ ನಿಲ್ಲುತ್ತದೆ. ಅಪ್‌ಲೋಡ್ ವೇಗವನ್ನು ಆಟ ನಡೆಯುವ ಹೊತ್ತಿನಲ್ಲೇ, ಅಂದರೆ ರಾತ್ರಿಯೇ ಅಳೆಯಿರಿ. 20 ಎಂಬಿಪಿಎಸ್ ಸಿಕ್ಕರೆ ರೂಟರಿನಲ್ಲಿ ಅದನ್ನು 18ಕ್ಕೆ ಕಟ್ಟಿ; ಆಗ ಸಾಲು ಮೋಡೆಮ್ಮಿನೊಳಗೆ ಬೆಳೆಯದೆ ನಿಮ್ಮ ರೂಟರಿಗೆ ಬರುತ್ತದೆ, ಅಲ್ಲಿ ಅದನ್ನು ಆಳಬಹುದು. ಕೇಕ್ ಅಥವಾ ಎಫ್‌ಕ್ಯೂ ಕೋಡೆಲ್ (ಸಾಲು ಉದ್ದವಾಗದಂತೆ ನೋಡಿಕೊಳ್ಳುವ ವಿಧಾನಗಳು) ಇರುವ ರೂಟರ್ ಆದರೆ ಒಳ್ಳೆಯದು. ಸಭಿಕರ ವೈಫೈಗೆ ಪ್ರತ್ಯೇಕ ವಿಲ್ಯಾನ್ ಮಾಡಿ ಒಟ್ಟು 5 ಎಂಬಿಪಿಎಸ್‌ಗೆ ಮಿತಿ ಹಾಕಿ. ಎನ್‌ಕೋಡರಿನ (ಪ್ರಸಾರದ ವಿಡಿಯೋ ಸಿದ್ಧಪಡಿಸುವ ತಂತ್ರಾಂಶದ) ಬಿಟ್‌ರೇಟ್ ಅಳತೆಯ ವೇಗದ ಅರ್ಧ ದಾಟದಿರಲಿ.

ಪ್ರಶ್ನೆ: ಶಾಲೆಯ ಲ್ಯಾಬಿನಲ್ಲಿ 20 ಕಂಪ್ಯೂಟರ್, ಎಲ್ಲವೂ ಗಿಗಾಬಿಟ್. ಮಕ್ಕಳು ಒಟ್ಟಿಗೆ ಫೈಲ್ ಉಳಿಸುವಾಗ ತಡವಾಗುತ್ತದೆ. ಕ್ಯೂಒಎಸ್ ಇರುವ ಸ್ವಿಚ್ ಕೊಂಡರೆ ಸರಿಹೋದೀತೇ?
(ಒಬ್ಬ ಶಿಕ್ಷಕರು, ತಾಳವಾಡಿ)

ಉತ್ತರ: ಇಲ್ಲ. ಇಪ್ಪತ್ತೂ ಒಂದೇ ಜಾತಿಯ ಕೆಲಸ, ಯಾರನ್ನು ಮುಂದೆ ಬಿಡುತ್ತೀರಿ? ಇಪ್ಪತ್ತು ಗಿಗಾಬಿಟ್ ಪೋರ್ಟಿನಿಂದ ಬಂದದ್ದು ಸರ್ವರಿನ ಒಂದು ಗಿಗಾಬಿಟ್ ಪೋರ್ಟಿಗೆ ಹೋಗಬೇಕು. ಮೊದಲು ಸರ್ವರಿನ ಹಾರ್ಡ್ ಡಿಸ್ಕ್ ನೋಡಿ. ತಿರುಗುವ ಡಿಸ್ಕಾದರೆ ಇಪ್ಪತ್ತು ಕಡೆಯಿಂದ ಸಣ್ಣ ಸಣ್ಣ ಫೈಲ್ ಒಟ್ಟಿಗೆ ಬರೆಯುವಾಗ ಗಿಗಾಬಿಟ್ ತುಂಬುವ ಮೊದಲೇ ಅದು ಸೋಲುತ್ತದೆ, ಎಸ್‌ಎಸ್‌ಡಿ ಹಾಕಿದರೆ ಸಾಕಾಗಬಹುದು. ಡಿಸ್ಕ್ ಚುರುಕಾಗಿದ್ದೂ ಪೋರ್ಟ್ ತುಂಬುತ್ತಿದ್ದರೆ ಸರ್ವರಿಗೆ ಎರಡನೇ ನೆಟ್‌ವರ್ಕ್ ಕಾರ್ಡ್ ಹಾಕಿ, ಲಿಂಕ್ ಅಗ್ರಿಗೇಶನ್ (ಎರಡು ಕೇಬಲ್ ಸೇರಿಸಿ ಒಂದೇ ದಾರಿಯಂತೆ ಬಳಸುವುದು) ಬರುವ ಸ್ವಿಚ್ಚಿನಲ್ಲಿ ಎರಡೂ ಕೇಬಲ್ ಜೋಡಿಸಿ.